ನಮ್ಮೋರೇ ಎನ್ನುತ್ತಿದ್ದ ವಿಶಾಲಮ್ಮ

ಯಾವ ಮನೆ ಖಾಲಿಯಾಗುತ್ತದೆ ಎಂಬುದು ವಿಶಾಲಮ್ಮನವರಿಗೆ ಬಾಡಿಗೆ ಬೋರ್ಡು ತೂಗುವ ಮೊದಲೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಆರೂವರೆಗೆ ಅವರು ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕುತ್ತಿದ್ದರು. ನೋಡುವವರಿಗೆ ವಾಕಿಂಗ್ ಹೊರಟಂತೆ ಕಾಣುತ್ತಿತ್ತು. ಅವರ ಕಣ್ಣು ಮಾತ್ರ ಮೇಲೆ ಇರುತ್ತಿತ್ತು. ಯಾವ ಬಾಲ್ಕನಿಯ ಹೂವಿನ ಕುಂಡಗಳು ಒಂದೊಂದಾಗಿ ಪಕ್ಕದ ಮನೆಗೆ ಹೋಗುತ್ತಿವೆ, ಯಾರ ಬಾಗಿಲ ಹಿಂದೆ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳು ಸೇರುತ್ತಿವೆ ಎಂದು ನೋಡುತ್ತಿದ್ದರು. "ಕುಂಡ ಕೊಡೋಕೆ ಶುರು ಮಾಡಿದ್ರು ಅಂದ್ರೆ ತಿಂಗಳೊಳಗೆ ಹೋಗ್ತಾರೆ" ಎನ್ನುತ್ತಿದ್ದರು. ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರ ಕೆಲಸ ಮನೆ ತೋರಿಸುವುದು. ಬ್ರೋಕರ್ ಎಂದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಜನ ತಮ್ಮ ಫೋನುಗಳಲ್ಲಿ ಅವರ ಹೆಸರನ್ನು 'ಮನೆ ವಿಶಾಲಮ್ಮ' ಎಂದು ಬರೆದುಕೊಳ್ಳುತ್ತಿದ್ದರು. ಮನೆ ತೋರಿಸುವುದಕ್ಕೆ ಅವರದೇ ಒಂದು ಕ್ರಮವಿತ್ತು. ಮೊದಲು ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ರಭಸ ತೋರಿಸುವರು. ಆಮೇಲೆ ಬಚ್ಚಲು, ಆಮೇಲೆ ಬಟ್ಟೆ ಒಣಗಿಸುವ ಜಾಗ. ಹಾಲ್ ಕೊನೆಗೆ.

"ಹಾಲ್ ನೋಡಿದ್ರೆ ಎಲ್ರೂ ಒಪ್ಕೋತಾರೆ. ಹಾಲ್‌ನಲ್ಲಿ ಯಾರಾದ್ರೂ ಬದುಕ್ತಾರಾ?"

ಮಾಲೀಕರು ಇಪ್ಪತ್ನಾಲ್ಕು ಗಂಟೆ ನೀರು ಎಂದರೆ ಸಂಪಿನ ಮುಚ್ಚಳ ತೆಗೆಸುವರು. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಬೋರ್‌ವೆಲ್ ಎಷ್ಟು ಹಳೆಯದು, ಎಲ್ಲವನ್ನೂ ಬಾಡಿಗೆಯವರ ಎದುರೇ ಕೇಳುವರು. ಕೆಲವು ಮಾಲೀಕರಿಗೆ ಇದರಿಂದ ಸಿಟ್ಟು ಬರುತ್ತಿತ್ತು. ಆದರೂ ಅವರನ್ನೇ ಕರೆಯುತ್ತಿದ್ದರು, ಏಕೆಂದರೆ ಅವರು ಕರೆತಂದವರು ಬಾಡಿಗೆ ತಪ್ಪಿಸಿದ್ದಾಗಲಿ, ಗೋಡೆ ಕೆಡಿಸಿ ಹೋದದ್ದಾಗಲಿ ಇರಲಿಲ್ಲ.

ಮಾಲೀಕರೂ ಪ್ರಶ್ನೆ ಕೇಳುತ್ತಿದ್ದರು. ಎಷ್ಟು ಜನ, ಎಲ್ಲಿ ಕೆಲಸ, ನೆಂಟರು ಜಾಸ್ತಿಯೇ, ಗಾಡಿ ಎಷ್ಟು. ಇವನ್ನೆಲ್ಲ ಮುಖ ನೋಡಿ ಕೇಳುತ್ತಿದ್ದರು. ಕೊನೆಯ ಒಂದು ಪ್ರಶ್ನೆಯನ್ನು ಮಾತ್ರ ಬಾಗಿಲ ಚೌಕಟ್ಟನ್ನೋ ಬೀದಿಯನ್ನೋ ನೋಡುತ್ತ, ದನಿ ತಗ್ಗಿಸಿ ಕೇಳುತ್ತಿದ್ದರು.

"ಯಾವ ಜನ?"

ವಿಶಾಲಮ್ಮ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು.

"ನಮ್ಮೋರೇ."

ಅಷ್ಟು ಹೇಳಿದರೆ ಸಾಕಾಗುತ್ತಿತ್ತು. ಕೇಳಿದವರು ತಲೆಯಾಡಿಸಿ ಅಡ್ವಾನ್ಸ್ ಮಾತಿಗೆ ಹೋಗುತ್ತಿದ್ದರು.

ಆ ಮಾತು ಅವರಿಗೆ ಎಲ್ಲಿಂದ ಬಂತು ಎಂಬುದನ್ನು ಅವರೇ ಹೇಳಿದ್ದಾರೆ. ಇಪ್ಪತ್ತನೆಯ ವಯಸ್ಸಿನಲ್ಲಿ, ಮದುವೆಯಾದ ಹೊಸತರಲ್ಲಿ, ಮಾಗಡಿಯ ಆಚೆಯ ಹಳ್ಳಿಯಿಂದ ಗಂಡನ ಜೊತೆ ಬೆಂಗಳೂರಿಗೆ ಬಂದರು. ಗಂಡ ಲಕ್ಷ್ಮಯ್ಯ ಚಾಮರಾಜಪೇಟೆಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಮನೆ ಸಿಗಲಿಲ್ಲ. ಹೊಲ ಉಳುವ ಮನೆಯವರು, ಮಾಂಸ ತಿನ್ನುವವರು ಎಂದು ಹೋದಲ್ಲೆಲ್ಲ ಬಾಗಿಲಲ್ಲೇ ಮಾತು ಮುಗಿಯುತ್ತಿತ್ತು. ಹದಿನೇಳು ದಿನ ವರ್ಕ್‌ಶಾಪಿನ ಅಟ್ಟದ ಮೇಲೆ ಮಲಗಿದರಂತೆ. ಆಗ ದೊರೆಸ್ವಾಮಿ ಎಂಬ ಶಾಲಾ ಮೇಷ್ಟ್ರು ತಮ್ಮ ಬಾವಿಯ ರಾಟೆ ಸರಿಮಾಡಿಸಲು ಅಲ್ಲಿಗೆ ಬಂದರು. ಅಟ್ಟದಿಂದ ಇಳಿದು ಬಂದ ಹೆಣ್ಣುಮಗಳನ್ನು ನೋಡಿ ವಿಚಾರಿಸಿದರು. ಅದೇ ಸಂಜೆ ಇಬ್ಬರನ್ನೂ ಕರೆದುಕೊಂಡು ತಮಗೆ ಗೊತ್ತಿದ್ದ ಒಂದು ವಠಾರಕ್ಕೆ ಹೋದರು. ಒಂದೇ ಅಂಗಳದ ಸುತ್ತ ಏಳು ಪುಟ್ಟ ಮನೆಗಳು, ನಡುವೆ ಒಂದು ನಲ್ಲಿ. ಮಾಲೀಕರು ಯಾರು ಇವರು ಎಂದರು.

"ನಮ್ಮೋರೇ, ಕೊಡಿ" ಎಂದರು ಮೇಷ್ಟ್ರು.

ಮೇಷ್ಟ್ರ ಜನ ಇವರಲ್ಲ ಎಂಬುದು ಇವರು ಬಾಯಿ ತೆರೆದರೆ ಯಾರಿಗಾದರೂ ತಿಳಿಯುತ್ತಿತ್ತು. ಆದರೂ ಮಾಲೀಕರು ಮತ್ತೆ ಕೇಳಲಿಲ್ಲ. ಮೇಷ್ಟ್ರು ನಮ್ಮೋರು ಎಂದಮೇಲೆ ಮುಂದಿನ ಜವಾಬ್ದಾರಿ ಮೇಷ್ಟ್ರದು.

"ಆ ಮನೇಲಿ ಹನ್ನೊಂದು ವರ್ಷ ಮೊಟ್ಟೆ ಕೂಡ ಒಡೀಲಿಲ್ಲ" ಎಂದು ವಿಶಾಲಮ್ಮ ನಗುತ್ತಿದ್ದರು. "ಮೇಷ್ಟ್ರ ಮಾತು ಉಳೀಬೇಕಲ್ಲ. ನಮ್ಮ ಯಜಮಾನ್ರು ಕದ್ದು ಹೋಟ್ಲಲ್ಲಿ ತಿಂದು ಬಂದು, ಬೀದಿ ಕೊನೇಲೇ ಬಾಯಿ ತೊಳ್ಕೊಂಡು ಬರೋರು."

ಲಕ್ಷ್ಮಯ್ಯ ತೀರಿಕೊಂಡ ಮರುವರ್ಷ ಆ ವಠಾರ ಮಾರಾಟವಾಯಿತು. ಕೊಂಡವರು ದೊಡ್ಡಬೈರಪ್ಪ. ಲಾರಿ ಬುಕಿಂಗ್ ಆಫೀಸು ನಡೆಸಿ ಮೇಲೆ ಬಂದವರು. ಅವರದೂ ಮಾಗಡಿ ಕಡೆ, ವಿಶಾಲಮ್ಮನವರದೇ ಜನ. ಏಳು ಮನೆಗಳನ್ನೂ ಒಡೆಸಿ ಕಂಬಗಳ ಮೇಲೆ ನಾಲ್ಕು ಮಹಡಿ ಎತ್ತಿದರು. ಏಳು ಸಂಸಾರಗಳು ಇದ್ದ ನೆಲದಲ್ಲಿ ಈಗ ಕಾರುಗಳು ನಿಂತಿವೆ. ಸಂಸಾರಗಳು ಗಾಳಿಯಲ್ಲಿವೆ. ಕಾರು ನಿಲ್ಲುವ ಜಾಗದ ಹಿಂದೆ, ವಾಚ್‌ಮನ್‌ಗೆಂದು ಕಟ್ಟಿದ ಒಂದು ರೂಮನ್ನು ಬೈರಪ್ಪನವರು ವಿಶಾಲಮ್ಮನವರಿಗೆ ಕಡಿಮೆ ಬಾಡಿಗೆಗೆ ಕೊಟ್ಟರು. "ನಮ್ಮೋಳು, ಇರ್ಲಿ" ಎಂದರಂತೆ. ತಾವು ಹೆಂಡತಿ ಚಿಕ್ಕತಾಯಮ್ಮನ ಜೊತೆ ಮೊದಲ ಮಹಡಿಯಲ್ಲಿ ಉಳಿದು, ಮೇಲಿನ ಆರು ಮನೆಗಳಿಗೆ ಜನ ಹುಡುಕುವ ಕೆಲಸ ವಿಶಾಲಮ್ಮನವರಿಗೆ ಬಿಟ್ಟರು. ಆ ಆರೂ ಸಂಸಾರಗಳನ್ನು ಸೇರಿಸಿದ್ದು ಅವರೇ. ಎರಡನೆಯ ಮಹಡಿಯ ಮುಂದಿನ ಮನೆಯಲ್ಲಿರುವ ನಮ್ಮನ್ನೂ ಸೇರಿಸಿ. ನಾವು ಯಾವ ಜನ ಎಂದು ಇಲ್ಲಿ ಬರೆಯುವುದಿಲ್ಲ. ಅವರು ಕೇಳಲಿಲ್ಲ.

ಹೋದ ವರ್ಷದ ಮೇ ತಿಂಗಳಲ್ಲಿ ಪೂಜಿತಾ ಆಂಟಿ ವಿಶಾಲಮ್ಮನವರಿಗೆ ಫೋನ್ ಮಾಡಿದರು. ಇಲ್ಲಿಂದ ನಡೆದು ಹೋಗುವಷ್ಟು ದೂರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾರೆ. ಗಂಡ ತೀರಿಕೊಂಡು ನಾಲ್ಕು ವರ್ಷ. ಒಬ್ಬಳೇ ಮಗಳು ಲಾಸ್ಯಾ ಹತ್ತನೇ ಕ್ಲಾಸಿಗೆ ಬಂದಿದ್ದಳು. ಆಗ ಅವರಿದ್ದದ್ದು ಊರಿನ ದಕ್ಷಿಣದ ತುದಿಯಲ್ಲಿ, ಬಸ್ಸು ಕೊನೆಯಾಗುವಲ್ಲಿಂದ ಇನ್ನೂ ಎರಡು ಕಿಲೋಮೀಟರ್ ನಡೆಯಬೇಕಾದ ಬಡಾವಣೆಯಲ್ಲಿ. ಡ್ಯೂಟಿಗೆ ಹೋಗಿ ಬರುವುದಕ್ಕೇ ದಿನಕ್ಕೆ ನಾಲ್ಕು ಗಂಟೆ. ಸೆಕೆಂಡ್ ಶಿಫ್ಟ್ ಇದ್ದ ದಿನ ಮಗಳು ಊಟ ಮಾಡಿದಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ಲಾಸ್ಯಾಳ ಸ್ಕೂಲು ಬಸವನಗುಡಿಯಲ್ಲಿತ್ತು. ಆ ವರ್ಷ ಸ್ಕೂಲಿಗೂ ಆಸ್ಪತ್ರೆಗೂ ನಡುವೆ ಎಲ್ಲಾದರೂ ಒಂದು ಮನೆ ಹಿಡಿಯಬೇಕು, ಮಗು ಪರೀಕ್ಷೆಯನ್ನು ನೆಮ್ಮದಿಯಿಂದ ಬರೆಯಬೇಕು ಎಂಬುದೊಂದೇ ಪೂಜಿತಾ ಆಂಟಿಯ ಮನಸ್ಸಿನಲ್ಲಿದ್ದದ್ದು. ಹನ್ನೊಂದು ಮನೆ ನೋಡಿದ್ದರು. ಹನ್ನೊಂದರಲ್ಲೂ ಆ ಕೊನೆಯ ಪ್ರಶ್ನೆಗೆ ನಿಜ ಹೇಳಿದ್ದರು.

ವಿಶಾಲಮ್ಮ ಅವರನ್ನು ಮಕ್ಕಳ ಕೂಟದ ಪಾರ್ಕಿನ ಬಳಿ ಬರಹೇಳಿದರು. ಅಲ್ಲಿ ನಡೆದ ಮಾತನ್ನು ಪೂಜಿತಾ ಆಂಟಿ ನನಗೆ ಹೇಳಿದಂತೆಯೇ ಬರೆಯುತ್ತೇನೆ.

"ಆಂಟಿ, ಒಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ. ನಾವು..."

"ಬೇಡ."

"ಅಲ್ಲ ಆಂಟಿ, ಆಮೇಲೆ ನಿಮಗೆ ತೊಂದರೆ ಆಗ್ಬಾರ್ದು."

"ನಾನು ಕೇಳಿದ್ನಾ? ಕೇಳಿದ್ದಕ್ಕೆ ಹೇಳು ಸಾಕು. ಮಗು ಸ್ಕೂಲಿಗೆ ನಡ್ಕೊಂಡು ಹೋಗುತ್ತಾ, ಆಟೋ ಬೇಕಾ?"

ವಿಶಾಲಮ್ಮನವರಿಗೆ ವಿಷಯ ಗೊತ್ತಿರಲಿಲ್ಲ ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ನಮ್ಮ ಮಹಡಿಯಲ್ಲೇ ಹಿಂಬದಿಗಿರುವ ಮನೆ ಆ ತಿಂಗಳು ಖಾಲಿಯಾಗುವುದರಲ್ಲಿತ್ತು. ಬೈರಪ್ಪನವರು ಕೆಳಗೆ ಕಾರು ಒರೆಸುತ್ತಿದ್ದಾಗ ವಿಶಾಲಮ್ಮ ಮಾತು ತೆಗೆದರು.

"ಯಾವ ಜನ?"

"ನಮ್ಮೋರೇ ಅಣ್ಣ."

"ಯಾವ ಕಡೆ?"

"ಮಾಗಡಿ ಕಡೆ."

"ಹೌದಾ, ನಮ್ಮ ಕಡೇನೇ. ಹಾಗಿದ್ರೆ ಆಷಾಢಕ್ಕೆ ಮೊದಲೇ ಬಂದು ಹಾಲು ಉಕ್ಕಿಸ್ಕೊಳ್ಳೋಕೆ ಹೇಳು."

ಜೂನ್ ಮೊದಲ ಶುಕ್ರವಾರ ತಾಯಿ ಮಗಳು ಬಂದರು. ಹನ್ನೊಂದು ತಿಂಗಳ ಅಗ್ರಿಮೆಂಟ್ ಆಯಿತು. ಲಾಸ್ಯಾ ಸ್ಕೂಲಿಗೆ ನಡೆದು ಹೋಗತೊಡಗಿದಳು. ಸಂಜೆ ನಾಲ್ಕೂವರೆಗೆ ಮನೆಯಲ್ಲಿರುತ್ತಿದ್ದಳು. ಬಾಗಿಲು ತೆರೆದಿಟ್ಟು ಹೊಸ್ತಿಲ ಬಳಿ ಕೂತು ಜೋರಾಗಿ ಓದುತ್ತಿದ್ದಳು. ನಾನು ಮನೆಯಲ್ಲೇ ಇರುವುದರಿಂದ ಅವಳ ವಿಜ್ಞಾನದ ಪಾಠಗಳು ನನಗೂ ಅರ್ಧ ಬಾಯಿಪಾಠವಾದವು. ಚಿಕ್ಕತಾಯಮ್ಮನವರಿಗೆ ರಕ್ತದೊತ್ತಡ. ಭಾನುವಾರ ಬೆಳಿಗ್ಗೆ ಮೇಲೆ ಹತ್ತಿ ಬಂದು ಪೂಜಿತಾ ಆಂಟಿಯಿಂದ ಬಿ.ಪಿ. ನೋಡಿಸಿಕೊಂಡು, ಕಾಫಿ ಕುಡಿದು, ಸೊಸೆಯ ಮೇಲಿನ ದೂರುಗಳನ್ನೆಲ್ಲ ಹೇಳಿ ಇಳಿಯುತ್ತಿದ್ದರು. "ನೀನು ನೋಡಿದ್ರೆ ನೂರ ಮೂವತ್ತು, ಆ ಡಾಕ್ಟ್ರು ನೋಡಿದ್ರೆ ನೂರ ಐವತ್ತು. ಅವನ ಮುಖ ನೋಡಿದ್ರೇ ಏರುತ್ತೆ ನಂಗೆ" ಎಂದು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹೀಗೆ ಏಳು ತಿಂಗಳು ನಡೆಯಿತು.

ಸಂಕ್ರಾಂತಿ ಕಳೆದ ಮೇಲೆ ಪೂಜಿತಾ ಆಂಟಿಯ ತಮ್ಮ ಕೈಲಾಸ್‌ಗೆ ಮದುವೆ ಗೊತ್ತಾಯಿತು. ಊರಿನಿಂದ ಲಗ್ನಪತ್ರಿಕೆಗಳ ಕಟ್ಟು ಬಂತು. ಕಟ್ಟಡದ ಎಲ್ಲ ಮನೆಗಳಿಗೂ ಕೊಟ್ಟರು. ಮಾಲೀಕರ ಮನೆಗೆ ಮೊದಲು ಕೊಟ್ಟರು, ಏಕೆಂದರೆ ಅವರ ಸೂರಿನ ಕೆಳಗಿದ್ದುಕೊಂಡು ಅವರನ್ನೇ ಬಿಟ್ಟರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ತಟ್ಟೆಯಲ್ಲಿ ಅರಿಶಿನ ಕುಂಕುಮ, ಬಾಳೆಹಣ್ಣು, ಪತ್ರಿಕೆ ಇಟ್ಟುಕೊಂಡು ಲಾಸ್ಯಾಳ ಜೊತೆ ಕೆಳಗೆ ಹೋದರು.

ಲಗ್ನಪತ್ರಿಕೆಯನ್ನು ಇಲ್ಲಿ ಎಲ್ಲರೂ ಓದುವ ರೀತಿಯೇ ಬೇರೆ. ತಾರೀಕು, ಛತ್ರ ಆಮೇಲೆ. ಮೊದಲು ತಲೆಯಲ್ಲಿ ಯಾವ ಮನೆದೇವರ ಹೆಸರಿದೆ, ತಂದೆ ತಾಯಿ ಯಾರು, ಯಾವ ಊರು, ಕೆಳಗೆ ಕೋರುವವರು ಯಾರು ಯಾರು. ಚಿಕ್ಕತಾಯಮ್ಮ ಕುಂಕುಮ ಇಟ್ಟುಕೊಂಡರು. ಬೈರಪ್ಪನವರು ಕನ್ನಡಕ ಹಾಕಿಕೊಂಡು, ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಓದಲು ಶುರುಮಾಡಿದರು. ಊರಿನ ಹೆಸರು ಬಂತು. ಅದರ ಹಿಂದೆಯೇ 'ಜನತಾ ಕಾಲೋನಿ' ಎಂದಿತ್ತು. ಆ ಊರಿಂದ ಮೂರು ಮೈಲಿಗೆ ಬೈರಪ್ಪನವರ ಅತ್ತೆಯ ಮನೆ. ಅಲ್ಲಿನ ಪ್ರತಿ ಬೀದಿ, ಯಾವ ಬೀದಿಯಲ್ಲಿ ಯಾವ ಜನ ಎಂಬುದು ಅವರಿಗೆ ಗೊತ್ತು.

"ಕಾಲೋನಿ ಅಂದ್ರೆ, ರಸ್ತೆ ಪಕ್ಕ ಹೊಸ್ದಾಗಿ ಸೈಟ್ ಮಾಡಿದ್ದಾರಲ್ಲ, ಅದಾ?"

"ಇಲ್ಲ ಅಂಕಲ್. ಕೆರೆ ಹಿಂದಗಡೆ. ಹಳೇ ಕಾಲೋನಿ."

ಬೈರಪ್ಪನವರು ಪತ್ರಿಕೆಯನ್ನು ಮಡಿಸಿ ಕವರಿಗೆ ಹಾಕಿದರು. "ಆಗ್ಲಮ್ಮ" ಎಂದರು. ಮುಂದೆ ಓದಲಿಲ್ಲ. ಇದನ್ನು ಲಾಸ್ಯಾ ನನಗೆ ಹೇಳಿದಳು. ಚಿಕ್ಕತಾಯಮ್ಮಜ್ಜಿ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು, ಕೆಳಗೆ ಇಡಲಿಲ್ಲ, ಒಳಗೂ ಒಯ್ಯಲಿಲ್ಲ ಎಂದಳು.

ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ನಾನು ಒಗೆದ ಬಟ್ಟೆಯ ಬಕೆಟ್ ಹಿಡಿದು ಕೆಳಗೆ ಇಳಿಯುತ್ತಿದ್ದೆ. ಮೊದಲ ಮಹಡಿಯ ಕೆಳಗಿನ ತಿರುವಿನಲ್ಲಿ ಬೈರಪ್ಪನವರ ದನಿ ಕೇಳಿ ನಿಂತೆ. ಅವರು ಕಾರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ವಿಶಾಲಮ್ಮ ರೂಮಿನ ಬಾಗಿಲಲ್ಲಿ ನಿಂತಿದ್ದರು, ಕೈಗೆ ರಾಗಿ ಹಿಟ್ಟು ಮೆತ್ತಿತ್ತು. ನನಗೆ ಇಳಿಯಲೂ ಆಗಲಿಲ್ಲ, ಹತ್ತಲೂ ಆಗಲಿಲ್ಲ. ಈ ಮಾತುಗಳನ್ನು ನಾನೇ ಕೇಳಿದೆ.

"ವಿಶಾಲಮ್ಮ, ಎರಡನೇ ಮಹಡಿ ಹಿಂದಿನ ಮನೆಯೋರು ಯಾರು?"

"ಪೂಜಿತಾ. ನರ್ಸಮ್ಮ."

"ಹೆಸರು ಕೇಳಿಲ್ಲ ನಾನು. ನಮ್ಮೋರು ಅಂದಿದ್ದೆ ನೀನು."

"ಅಂದಿದ್ದೆ."

"ನಮ್ಮೋರಾ?"

ವಿಶಾಲಮ್ಮ ಬೆರಳಿನ ಹಿಟ್ಟನ್ನು ಉಜ್ಜಿ ತೆಗೆದರು. ಹೌದು ಎಂದು ಅವರು ಹೇಳಬಹುದಿತ್ತು. ಒಂದೇ ಹೆಸರಿನ ಊರು ಎರಡಿವೆ, ಅದು ಬೇರೆ ಎನ್ನಬಹುದಿತ್ತು. ಇಲ್ಲ ಎಂದಿದ್ದರೆ ಮೇಲಿನ ಮನೆ ತಿಂಗಳ ಕೊನೆಗೆ ಖಾಲಿ.

"ನಾನು ಕೇಳ್ಲಿಲ್ಲ ಅಣ್ಣ."

"ಕೇಳದೆ ಹೇಗಮ್ಮ ಹೇಳ್ದೆ?"

"ಯಾರನ್ನೂ ಕೇಳಿಲ್ಲ. ಇಷ್ಟು ವರ್ಷದಲ್ಲಿ ಒಬ್ರನ್ನೂ ಕೇಳಿಲ್ಲ."

ಬೈರಪ್ಪನವರು ನಕ್ಕರು. "ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡ. ಮೂರನೇ ಮಹಡಿ ಗೌರೀಶನ್ನ ಕೇಳಿಲ್ವಾ?"

"ಇಲ್ಲ."

"ಅವನು ನಮ್ಮೋನೇ ಕಣಮ್ಮ. ನೋಡಿದ್ರೇ ಗೊತ್ತಾಗುತ್ತೆ."

"ಇದ್ರೂ ಇರ್ಬೋದು."

"ಇದ್ರೂ ಇರ್ಬೋದು ಅಂದ್ರೇನು? ಹೋದ ವರ್ಷ ಅವನ ಮಗು ನಾಮಕರಣಕ್ಕೆ ಇಡೀ ಮನೆ ಹೋಗಿ ಉಂಡು ಬಂದಿದೀವಿ."

"ಊಟ ಚೆನ್ನಾಗಿತ್ತಲ್ಲ ಅಣ್ಣ. ಪಾಯಸ ಎರಡು ಸಲ ಹಾಕಿಸ್ಕೊಂಡ್ರಿ."

"ನೀನು ಸುಮ್ನಿರು. ಎರಡನೇ ಮಹಡಿ ಮುಂದಿನ ಮನೆಯೋರು?"

ಅದು ನಮ್ಮ ಮನೆ. ನಾನು ಬಕೆಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅವರನ್ನೂ ಕೇಳಿಲ್ಲ."

ಆಮೇಲೆ ಬೈರಪ್ಪನವರ ದನಿ ಬದಲಾಗಿತ್ತು. ಸಿಟ್ಟಿಗಿಂತ ನೋವು ಜಾಸ್ತಿ ಇತ್ತು ಎಂದು ನನಗನ್ನಿಸಿತು.

"ನಿನ್ನನ್ನ ತಂಗಿ ಥರ ನೋಡ್ಕೊಂಡಿದೀನಿ. ನನ್ನ ಹತ್ರಾನೇ ಸುಳ್ಳು ಹೇಳಿದ್ಯಲ್ಲಮ್ಮ."

"ನಂಗೆ ಮನೆ ಕೊಡಿಸಿದ ಮೇಷ್ಟ್ರು ನಮ್ಮೋರು ಅಂದಾಗ, ಇವರಿಗೆ ನಾನು ಜವಾಬ್ದಾರಿ ಅಂತ ಅರ್ಥ ಇತ್ತು. ನಾನೂ ಹಾಗೇ ಅಂದೆ. ಬಾಡಿಗೆ ತಪ್ಪಿದ್ರೆ, ಗಲಾಟೆ ಆದ್ರೆ ನನ್ನ ಕೇಳಿ ಅಂತ. ನೀವು ಬೇರೆ ಥರ ಕೇಳಿಸ್ಕೊಂಡ್ರಿ." ಅವರೇ ಮುಂದುವರಿಸಿದರು. "ನೀವು ಬೇರೆ ಥರ ಕೇಳಿಸ್ಕೋತೀರ ಅಂತ ನಂಗೆ ಗೊತ್ತಿತ್ತು ಅಣ್ಣ. ಗೊತ್ತಿದ್ದೂ ಸುಮ್ನಿದ್ದೆ. ಅದು ನನ್ನ ತಪ್ಪು. ಆ ತಾಯಿ ಮಗಳದಲ್ಲ."

"ನನಗೇನಿಲ್ಲಮ್ಮ. ಮನೆಗೆ ನೆಂಟರು ಬರ್ತಾರೆ, ಹೋಗ್ತಾರೆ. ನಾಳೆ ನೂರು ಮಾತು ಬರುತ್ತೆ. ಮಗಳು ಅಳಿಯ ಇಲ್ಲೇ ಇರೋಕೆ ಬರ್ತಿದ್ದಾರೆ, ಮನೆ ಬೇಕಾಗಿದೆ ಅಂತ ಹೇಳು. ಈ ತಿಂಗಳ ಕೊನೆ ತನಕ ಇರ್ಲಿ."

"ಮಾರ್ಚಲ್ಲಿ ಮಗು ಪರೀಕ್ಷೆ."

"ಬೇರೆ ಮನೆ ನೋಡ್ಕೊಡು. ನಿನ್ನ ಕೆಲ್ಸಾನೇ ಅದಲ್ವಾ?"

"ಹನ್ನೊಂದು ಮನೆ ಆಗ್ಲಿಲ್ಲ ಅಂತಾನೇ ನನ್ನ ಹತ್ರ ಬಂದಿದ್ದು ಅವಳು. ಈಗ ಎಬ್ಬಿಸಿದ್ರೆ ಮತ್ತೆ ಆ ಬಸ್ಸಿಲ್ಲದ ಕಡೇಗೇ ಹೋಗ್ಬೇಕು."

"ಅದಕ್ಕೆ ನಾನೇನ್ ಮಾಡ್ಲಿ?"

"ನಾನು ಹೋಗಿ ಹೇಳಲ್ಲ. ನೀವೇ ಹೇಳಿ. ಹೇಳೋದಾದ್ರೆ ಆರು ಮನೆಗೂ ಹತ್ತಿ, ನೀವು ಯಾವ ಜನ ಅಂತ ಎಲ್ಲರನ್ನೂ ಕೇಳಿ. ಪತ್ರಿಕೆ ತಂದುಕೊಟ್ಟಳು ಅಂತ ಅವಳನ್ನ ಮಾತ್ರ ಕೇಳೋದು ನ್ಯಾಯ ಅಲ್ಲ. ಉಳಿದವರು ಇನ್ನೂ ಪತ್ರಿಕೆ ಕೊಟ್ಟಿಲ್ಲ, ಅಷ್ಟೇ."

ಬೈರಪ್ಪನವರು ತಲೆಯೆತ್ತಿ ಮೇಲೆ ನೋಡಿದರು. ಕಾರು ನಿಲ್ಲುವ ಜಾಗದಿಂದ ಮೇಲೆ ನೋಡಿದರೆ ಕಾಣುವುದು ಮೊದಲ ಮಹಡಿಯ ಸಿಮೆಂಟಿನ ತಳ ಮಾತ್ರ. ಅವರು ಅದನ್ನೇ ಬಹಳ ಹೊತ್ತು ನೋಡಿದರು. ಪ್ರತಿ ಬಾಗಿಲಲ್ಲೂ ನಿಂತು ಕೇಳುವುದನ್ನು, ಉಂಡ ಊಟಗಳನ್ನು ಹೆಂಡತಿಯ ಜೊತೆ ಕೂತು ಲೆಕ್ಕ ಹಾಕುವುದನ್ನು ನೆನೆಸಿಕೊಳ್ಳುತ್ತಿದ್ದರೇನೋ. ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಮೇಲಿನಿಂದ ಚಿಕ್ಕತಾಯಮ್ಮ ಕೂಗಿದರು.

"ರೀ, ಇಡ್ಲಿ ಆರೋಗ್ತಿದೆ."

"ಬಂದೆ" ಎಂದು ಎದ್ದರು. ಎರಡು ಹೆಜ್ಜೆ ಹೋಗಿ, ತಿರುಗದೆ ಹೇಳಿದರು. "ಪರೀಕ್ಷೆ ಆಗ್ಲಿ. ಆಮೇಲೆ ನೋಡೋಣ. ನಮ್ಮನೆಯವಳಿಗೆ ಈ ಮಾತೆಲ್ಲ ಬೇಡ. ನೀನು ಇನ್ಮೇಲೆ ಈ ಗೇಟೊಳಗೆ ಯಾರನ್ನೂ ಕರ್ಕೊಂಡು ಬರ್ಬೇಡ."

ಮೆಟ್ಟಿಲಲ್ಲಿ ನನ್ನನ್ನು ಕಂಡು ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮುಖ ನೋಡಲಿಲ್ಲ.

ಈ ವಿಷಯ ಹೊರಗೆ ಹೇಗೆ ಹೋಯಿತೋ ನನಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಬೈರಪ್ಪನವರೇ ಯಾರೋ ಹಳೆಯ ಗೆಳೆಯರ ಬಳಿ ನೊಂದುಕೊಂಡಿರಬಹುದು. ಹದಿನೈದು ದಿನಗಳೊಳಗೆ ಮಾಲೀಕರು ವಿಶಾಲಮ್ಮನವರಿಗೆ ಫೋನ್ ಮಾಡತೊಡಗಿದರು. ಮನೆ ಇದೆ ಎಂದಲ್ಲ. "ಎರಡು ವರ್ಷದ ಹಿಂದೆ ನಮಗೆ ಒಬ್ರನ್ನ ಕೊಡಿಸಿದ್ರಲ್ಲ, ಅವರು ಯಾರು?" ಎಂದು. ಅವರ ಉತ್ತರ ಒಂದೇ. "ನಾನು ಕೇಳ್ಲಿಲ್ಲ." ಆಮೇಲೆ ಫೋನುಗಳೇ ನಿಂತವು. ಈಗ ಹೆಚ್ಚಿನ ಮಾಲೀಕರು ಮನೆಯ ಫೋಟೋವನ್ನು ಮೊಬೈಲಿನಲ್ಲಿ ಹಾಕುತ್ತಾರೆ. ಅಲ್ಲಿ ಯಾರು ಬೇಕು, ಯಾರು ಬೇಡ ಎಂಬುದಕ್ಕೆ ಪುಟ್ಟ ಚೌಕಗಳಿವೆ. ಸಸ್ಯಾಹಾರ, ಕುಟುಂಬ, ಎಲ್ಲಕ್ಕೂ ಒಂದೊಂದು ಗುರುತು ಹಾಕಿದರೆ ಆಯಿತು. ದನಿ ತಗ್ಗಿಸುವ ಅಗತ್ಯವೂ ಇಲ್ಲ.

ಫೆಬ್ರವರಿಯಲ್ಲಿ ವಿಶಾಲಮ್ಮ ತಮ್ಮ ರೂಮನ್ನು ಬಿಡುತ್ತೇನೆ ಎಂದರು. ಬೈರಪ್ಪನವರಿಗೆ ಆಶ್ಚರ್ಯವಾಯಿತು.

"ನಿನ್ನ ಯಾರು ಹೋಗು ಅಂದ್ರು?"

"ಯಾರೂ ಅನ್ಲಿಲ್ಲ ಅಣ್ಣ."

"ಮತ್ತೇನು ರೋಷ?"

"ರೋಷ ಇಲ್ಲ. ನಮ್ಮೋಳು ಅಂತ ಕೊಟ್ಟ ರೂಮು ಇದು. ಪೂಜಿತಾಗೆ ಬೇಕಾಗಿರೋ ಗುರುತು ನಂಗೆ ಹುಟ್ಟಿನಿಂದ ಬಂದ್ಬಿಟ್ಟಿದೆ. ಅದನ್ನ ಇಟ್ಕೊಂಡು ಇಲ್ಲಿ ಮಲಗೋಕೆ ಆಗ್ತಿಲ್ಲ."

"ಹುಚ್ಚು ನಿಂಗೆ" ಎಂದರು ಬೈರಪ್ಪನವರು. ತಡೆಯಲಿಲ್ಲ.

ಮೂವತ್ತು ವರ್ಷ ಊರಿಗೆಲ್ಲ ಮನೆ ಹುಡುಕಿಕೊಟ್ಟವರು ತಮಗೆ ಒಂದು ರೂಮು ಹುಡುಕಲು ನಾಲ್ಕು ವಾರ ಓಡಾಡಿದರು. ಅರವತ್ತರ ವಿಧವೆ, ಒಂಟಿ. "ಒಬ್ರೇನಾ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಕರೀಬೇಕು?" ಎಂದು ಕೇಳಿ ಬಾಗಿಲು ಹಾಕಿದವರೇ ಹೆಚ್ಚು. ಅದನ್ನು ದಾಟಿದ ಕಡೆ ಆ ಇನ್ನೊಂದು ಪ್ರಶ್ನೆ ಬರುತ್ತಿತ್ತು. ಅದಕ್ಕೆ ಅವರ ಬಳಿ ನಿಜವಾದ, ಈಗಿನ ಕಾಲಕ್ಕೆ ಬಾಗಿಲು ತೆರೆಸುವ ಉತ್ತರವೇ ಇತ್ತು. ಹೇಳಲಿಲ್ಲ. "ಅದು ಬಿಡಿ, ನೀರು ಹೇಗೆ?" ಎನ್ನುತ್ತಿದ್ದರಂತೆ. ಮೂರು ಕಡೆ ಅಲ್ಲಿಗೇ ಮಾತು ಮುರಿಯಿತು. ಕೊನೆಗೆ ಮಾವಳ್ಳಿಯಲ್ಲಿ, ಮಹಡಿಯ ಮೇಲೆ ಶೀಟು ಹಾಕಿದ ಒಂದು ರೂಮು ಸಿಕ್ಕಿತು. ಅಲ್ಲಿನ ಮಾಲೀಕರು ಕಿವಿ ಮಂದವಾದ ಒಬ್ಬ ನಿವೃತ್ತ ಗುಮಾಸ್ತರು. ಅವರು ಕೇಳಿದ್ದು ರಾತ್ರಿ ಟಿ.ವಿ. ಜೋರಾಗಿ ಹಾಕಿದರೆ ಅಭ್ಯಂತರವಿಲ್ಲವೇ ಎಂದು ಮಾತ್ರ. ಈಗ ವಿಶಾಲಮ್ಮ ಬಸವನಗುಡಿಯ ಒಂದು ಲೇಡೀಸ್ ಪಿ.ಜಿ.ಯಲ್ಲಿ ಚಪಾತಿ ಮಾಡುತ್ತಾರೆ.

ಕೈಲಾಸ್‌ನ ಮದುವೆಗೆ ಬೈರಪ್ಪನವರ ಮನೆಯಿಂದ ಯಾರೂ ಹೋಗಲಿಲ್ಲ. ಮುಯ್ಯಿಯ ಕವರನ್ನು ಮಾತ್ರ ಗೌರೀಶಣ್ಣನ ಕೈಯಲ್ಲಿ ಕಳಿಸಿದರು. ಚಿಕ್ಕತಾಯಮ್ಮ ಮೂರು ಭಾನುವಾರ ಮೇಲೆ ಬರಲಿಲ್ಲ. ನಾಲ್ಕನೆಯ ಭಾನುವಾರ ಏದುಸಿರು ಬಿಡುತ್ತ ಬಂದರು. "ತಲೆ ಸುತ್ತುತ್ತಿದೆ, ನೋಡು" ಎಂದು ತೋಳು ಚಾಚಿದರು. ಪೂಜಿತಾ ಆಂಟಿ ಪಟ್ಟಿ ಕಟ್ಟಿ ನೋಡಿ, ಮಾತ್ರೆ ಹೇಳಿ, ಯಾವಾಗಿನಂತೆ ಕಾಫಿ ತಂದಿಟ್ಟರು. ಚಿಕ್ಕತಾಯಮ್ಮ ಸೊಸೆಯ ವಿಷಯ ಸ್ವಲ್ಪ ಹೇಳಿದರು. ಕಾಫಿ ಹಾಗೇ ಇತ್ತು. ಎದ್ದು ಹೋಗುವಾಗ ಅದರ ಕಡೆ ಒಮ್ಮೆ ನೋಡಿದರಂತೆ. ಈಗಲೂ ಭಾನುವಾರ ಬರುತ್ತಾರೆ. ಪೂಜಿತಾ ಆಂಟಿ ಈಗಲೂ ಕಾಫಿ ಇಡುತ್ತಾರೆ. "ಇಡೋದು ನನ್ನ ಕೆಲಸ" ಎಂದರು, ನಾನು ಕೇಳಿದಾಗ.

ಲಾಸ್ಯಾ ಎಲ್ಲ ಪರೀಕ್ಷೆಗಳನ್ನೂ ಆ ಮನೆಯಿಂದಲೇ ಹೋಗಿ ಬರೆದಳು. ಕೊನೆಯ ಪರೀಕ್ಷೆ ಮುಗಿದ ದಿನ, ಅಷ್ಟರಲ್ಲಿ ವಿಷಯ ತಿಳಿದಿದ್ದ ತಾಯಿ ಮಗಳು ಇಬ್ಬರೂ, ಮನೆ ಬಿಡಿ ಎನ್ನಲು ಯಾರಾದರೂ ಬರಬಹುದೆಂದು ಬಾಗಿಲಲ್ಲಿ ಕಾದರು. ಯಾರೂ ಬರಲಿಲ್ಲ. ಏಪ್ರಿಲ್ ಕೊನೆಗೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯಿತು. ಹೊಸದು ಬರೆಯೋಣ ಎಂದು ಬೈರಪ್ಪನವರು ಕರೆಯಲಿಲ್ಲ, ಬಿಡಿ ಎಂದೂ ಹೇಳಲಿಲ್ಲ. ಮೇ ಐದರಂದು ಪೂಜಿತಾ ಆಂಟಿ ತಾವೇ ಕೆಳಗೆ ಹೋಗಿ ಕೇಳಿದರು.

"ಅಂಕಲ್, ಮನೆ ವಿಷಯ ಏನ್ ಮಾಡೋದು?"

"ಮುಂದಿನ ತಿಂಗಳು ನೋಡೋಣಮ್ಮ" ಎಂದರು ಬೈರಪ್ಪನವರು, ಪೇಪರಿನಿಂದ ಕಣ್ಣು ತೆಗೆಯದೆ.

ಅಂದು ಸಂಜೆ ಪೂಜಿತಾ ಆಂಟಿ ಮಾವಳ್ಳಿಗೆ ಹೊರಟರು. ನಾನೂ ಜೊತೆಗೆ ಹೋಗಿದ್ದೆ. ವಿಶಾಲಮ್ಮ ಕೆಲಸದಿಂದ ಆಗಷ್ಟೇ ಬಂದು, ನೋಯುವ ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕೆಳಗಿನ ಮನೆಯ ಟಿ.ವಿ. ನಮ್ಮ ಮಾತಿಗಿಂತ ಜೋರಾಗಿತ್ತು. ಬೇರೆ ಮನೆ ಹುಡುಕಲೇ, ಕೈಯಲ್ಲಿ ಕಾಗದವಿಲ್ಲದೆ ಎಷ್ಟು ದಿನ ಇರುವುದು ಎಂದು ಪೂಜಿತಾ ಆಂಟಿ ಕೇಳಿದರು. ವಿಶಾಲಮ್ಮ ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಕಾಗದ ಕೇಳಿದ್ರೆ ಅವರು ಯೋಚ್ನೆ ಮಾಡ್ಬೇಕಾಗುತ್ತೆ" ಎಂದರು. "ಯೋಚ್ನೆ ಮಾಡಿದ್ರೆ ಬೇಡ ಅಂತಾರೆ. ಹೋಗು ಅನ್ನೋವರೆಗೂ ಇರು. ಅವರಿಗೂ ಅಭ್ಯಾಸ ಆಗೋಕೆ ಸ್ವಲ್ಪ ದಿನ ಬೇಕು."

"ಆಗ್ದಿದ್ರೆ?"

"ಆಗ್ದಿದ್ರೆ ಮತ್ತೆ ಹುಡುಕೋಣ. ಈ ಸಲ ಮೊದಲೇ ಹೇಳಿ ಹುಡುಕೋಣ."

ಲಾಸ್ಯಾ ಈಗ ಪಿ.ಯು.ಸಿ. ಸೇರಿದ್ದಾಳೆ. ಕಾಲೇಜೂ ನಡೆದು ಹೋಗುವ ದೂರದಲ್ಲೇ ಇದೆ. ಇದನ್ನು ಬರೆಯುತ್ತಿರುವ ತಿಂಗಳ ಐದರಂದೂ ಪೂಜಿತಾ ಆಂಟಿ ಕೆಳಗೆ ಹೋಗಿ ಬಂದರು. ಏನಂದರು ಎಂದು ಲಾಸ್ಯಾ ಬಾಗಿಲಲ್ಲೇ ಕೇಳಿದಳು. ಮುಂದಿನ ತಿಂಗಳು ನೋಡೋಣ ಎಂದರು ಎನ್ನುತ್ತ ಪೂಜಿತಾ ಆಂಟಿ ಚಪ್ಪಲಿ ಬಿಟ್ಟು ಒಳಗೆ ಹೋದರು.